ಫರ್ಮ್‌ಗೆ ಅತಿ ಹೆಚ್ಚು ಫೀಸು ತರುವ ಪಾರ್ಟ್ನರ್ ಜೂನಿಯರ್‌ಗಳ ಮೇಲೆ ಕೂಗಾಡಿದರೆ ಏನು ಮಾಡಬೇಕು?

ಹೊಸ ಕುರ್ಚಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಮಧ್ಯಮ ಗಾತ್ರದ ಲಾ ಫರ್ಮ್. ಹೆಚ್ಚಿನ ಕೆಲಸ ಕಂಪನಿಗಳ ಒಪ್ಪಂದ, ಸಲಹೆ ಇಂಥದ್ದು. ಒಂದು ಸಣ್ಣ ಟೀಮ್ ಕೋರ್ಟ್ ಕೇಸುಗಳನ್ನು ನೋಡಿಕೊಳ್ಳುತ್ತದೆ. ಈ ವರ್ಷದಿಂದ ಮ್ಯಾನೇಜಿಂಗ್ ಪಾರ್ಟ್ನರ್ ಹೊಣೆ ನನ್ನದು. ಒಪ್ಪಿಕೊಳ್ಳುವ ಮುಂಚೆಯೇ ಉಳಿದ ಪಾರ್ಟ್ನರ್‌ಗಳಿಗೆ ಹೇಳಿದ್ದೆ: ನಾನು ಈ ಕುರ್ಚಿಯಲ್ಲಿ ಕೂತರೆ ಮೊದಲು ನಮ್ಮ ಜನ, ಆಮೇಲೆ ಫೀಸು. ಎಲ್ಲರೂ ತಲೆಯಾಡಿಸಿದರು. ವೆಬ್‌ಸೈಟ್‌ನಲ್ಲೂ ಹಾಕಿಸಿದೆವು.

ನಮ್ಮ ಒಬ್ಬ ಪಾರ್ಟ್ನರ್ ಫರ್ಮ್‌ನ ಆದಾಯದ ಮೂರನೇ ಒಂದು ಭಾಗ ತರುತ್ತಾರೆ. ತುಂಬಾ ಬುದ್ಧಿವಂತರು, ಕಕ್ಷಿದಾರರಿಗೆ ಅಚ್ಚುಮೆಚ್ಚು. ಆದರೆ ಅವರ ಟೀಮಿನಲ್ಲಿ ಯಾರೂ ನಿಲ್ಲುವುದಿಲ್ಲ. ಡ್ರಾಫ್ಟ್ ಇಷ್ಟವಾಗದಿದ್ದರೆ ಎಲ್ಲರೆದುರು ಕೂಗುತ್ತಾರೆ. ಬುಧವಾರ ಬಂದ ಫೈಲನ್ನು ಶುಕ್ರವಾರ ಸಂಜೆ ಕೊಟ್ಟು ಸೋಮವಾರ ಬೆಳಗ್ಗೆ ಬೇಕು ಅನ್ನುತ್ತಾರೆ. ಬಿಟ್ಟು ಹೋಗುವವರು ಪತ್ರದಲ್ಲಿ 'ಉನ್ನತ ವ್ಯಾಸಂಗ', 'ಮನೆಯ ಕಾರಣ' ಅಂತ ಬರೆಯುತ್ತಾರೆ. ನಿಜವಾದ ಕಾರಣ ಆಫೀಸಿಗೆಲ್ಲ ಗೊತ್ತು.

ಮಾತಾಡಿ ನೋಡಿದ್ದೇನೆ. ಸ್ವಲ್ಪ ದಿನ ಸರಿಯಿರುತ್ತಾರೆ, ಮತ್ತೆ ಅದೇ. ಹೋಗಿ ಎಂದರೆ ಆ ಮೂರನೇ ಒಂದು ಭಾಗವೂ ಅವರ ಜೊತೆ ಹೋಗುತ್ತದೆ. ಆಗ ಉಳಿದವರ ಸಂಬಳಕ್ಕೇ ಕುತ್ತು. ಅವರೂ ನಮ್ಮ ಜನರೇ ಅಲ್ವಾ? ಫರ್ಮ್ ನಡೆಸಿದ ಅನುಭವ ಇರುವವರು ದಯವಿಟ್ಟು ಹೇಳಿ.

ಕಪ್ಪು ಕೋಟು

ವೆಬ್‌ಸೈಟ್ ಬದಿಗಿಡಿ ಸರ್. ವರ್ಷದ ಕೊನೆಗೆ ಪಾರ್ಟ್ನರ್‌ಗಳ ನಡುವೆ ಲಾಭ ಹೇಗೆ ಹಂಚುತ್ತೀರಿ? ಅದನ್ನು ಮೊದಲು ಹೇಳಿ.

ಹೊಸ ಕುರ್ಚಿ

ಕಕ್ಷಿದಾರರನ್ನು ತಂದವರಿಗೆ ದೊಡ್ಡ ಪಾಲು. ಉಳಿದದ್ದು ಯಾರು ಎಷ್ಟು ಗಂಟೆ ಬಿಲ್ ಮಾಡಿದರು, ಅಂದರೆ ಎಷ್ಟು ಗಂಟೆಯ ಕೆಲಸಕ್ಕೆ ಕಕ್ಷಿದಾರರಿಂದ ಫೀಸು ಕೇಳಿದರು ಅನ್ನುವುದರ ಮೇಲೆ. ಜೂನಿಯರ್‌ಗಳನ್ನು ಬೆಳೆಸಿದ್ದಕ್ಕೆ ಅಂತ ಪ್ರತ್ಯೇಕವಾಗಿ ಏನೂ ಇಲ್ಲ.

ಕಪ್ಪು ಕೋಟು

ಹಾಗಾದರೆ ಅವರು ನಿಮ್ಮ ನಿಯಮ ಮುರಿಯುತ್ತಿಲ್ಲ. ನೀವು ಯಾವುದಕ್ಕೆ ದುಡ್ಡು ಕೊಡುತ್ತೀರೋ ಅದನ್ನೇ ಮಾಡುತ್ತಿದ್ದಾರೆ. ಜೂನಿಯರ್ ಪಕ್ಕ ಕೂತು ಡ್ರಾಫ್ಟ್ ತಿದ್ದಲು ಕಳೆದ ಒಂದು ಗಂಟೆಗೆ ನಿಮ್ಮ ಸೂತ್ರದಲ್ಲಿ ಸೊನ್ನೆ. ಅದೇ ಗಂಟೆ ಹೊಸ ಕಕ್ಷಿದಾರರ ಜೊತೆ ಕಳೆದರೆ ಲಾಭ. ಎಷ್ಟು ಸಲ ಕೂರಿಸಿ ಬುದ್ಧಿ ಹೇಳಿದರೂ ವರ್ಷಕ್ಕೊಮ್ಮೆ ಬರುವ ಆ ಚೆಕ್ಕು ಬೇರೆಯೇ ಮಾತು ಹೇಳುತ್ತದೆ.

ಈ ಗಂಟೆ ಲೆಕ್ಕ ಆಕಾಶದಿಂದ ಇಳಿದದ್ದಲ್ಲ. ಟೈಮ್‌ಶೀಟನ್ನು ವಕೀಲಿಕೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ಬಾಸ್ಟನ್‌ನ ರೆಜಿನಾಲ್ಡ್ ಹೀಬರ್ ಸ್ಮಿತ್. ತಮಾಷೆ ನೋಡಿ, ಅವರು ಫರ್ಮ್ ಸೇರುವ ಮುಂಚೆ ಬಡವರಿಗೆ ಕಾನೂನು ನೆರವು ಕೊಡುವ ಸಂಸ್ಥೆ ನಡೆಸುತ್ತಿದ್ದರು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಖರ್ಚು ಅಂತ ತಿಳಿಯಲು ಗಂಟೆ ಬರೆದಿಡಿ ಅಂದರು. ಒಳಗಿನ ಲೆಕ್ಕಕ್ಕೆ ಬಂದದ್ದು ಆಮೇಲೆ ಬಿಲ್‌ಗೆ ಹತ್ತಿತು. 1958ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ಒಂದು ಕಿರುಪುಸ್ತಿಕೆ ತಂದು, ವಕೀಲರ ಆದಾಯ ಡಾಕ್ಟರುಗಳಿಗಿಂತ ಹಿಂದೆ ಬಿದ್ದಿದೆ, ವರ್ಷಕ್ಕೆ ಸುಮಾರು 1,300 ಗಂಟೆ ಬಿಲ್ ಮಾಡಬಹುದು ಅಂತ ಹೇಳಿತು. 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬಾರ್ ಸಂಘಗಳು ಕನಿಷ್ಠ ಫೀಸು ಪಟ್ಟಿ ಮಾಡುವುದು ತಪ್ಪು ಅಂದಮೇಲೆ ಗಂಟೆ ಲೆಕ್ಕ ಇನ್ನೂ ಗಟ್ಟಿಯಾಯಿತು. ಈಗ ಹಲವು ದೊಡ್ಡ ಫರ್ಮ್‌ಗಳಲ್ಲಿ 2,000 ಗಂಟೆ ಮಾಮೂಲು ಗುರಿ.

ಗಂಟೆಯನ್ನೂ ಕಕ್ಷಿದಾರರನ್ನೂ ಮಾತ್ರ ಅಳೆದರೆ ಅವೆರಡೇ ಬೆಳೆಯುತ್ತವೆ. ಮೊದಲು ಸೂತ್ರ ಬದಲಿಸಿ. ಅಲ್ಲಿಯವರೆಗೆ 'ಜನ ಮೊದಲು' ಅನ್ನುವುದು ಗೋಡೆಗೆ ಅಂಟಿಸಿದ ಕಾಗದ.

ಮೂರನೇ ವರ್ಷ

ನಾನು ಬೇರೊಂದು ಫರ್ಮ್‌ನಲ್ಲಿ ಅಸೋಸಿಯೇಟ್, ಅಂದರೆ ಪಾರ್ಟ್ನರ್ ಕೈಕೆಳಗೆ ಸಂಬಳಕ್ಕೆ ದುಡಿಯುವ ವಕೀಲ. ಮೇಲಿನ ಪ್ರಶ್ನೆ ಓದುವಾಗ ನಮ್ಮ ಆಫೀಸಿನವರೇ ಬರೆದರೇನೋ ಅನ್ನಿಸಿತು.

ಜೂನಿಯರ್ ಕಡೆಯಿಂದ ಒಂದು ಮಾತು. ಕೆಲಸ ಜಾಸ್ತಿ ಅನ್ನುವುದು ನಮ್ಮ ಮೊದಲ ದೂರು ಅಲ್ಲ. ಈ ವೃತ್ತಿಗೆ ಬರುವಾಗಲೇ ಅದು ಗೊತ್ತಿತ್ತು. ಸುಸ್ತು ಮಾಡುವುದು ಕಾಯುವುದು. ಬೆಳಗ್ಗೆ ಹನ್ನೊಂದಕ್ಕೆ ಡ್ರಾಫ್ಟ್ ಕಳಿಸುತ್ತೇವೆ. ರಾತ್ರಿ ಎಂಟರವರೆಗೆ ಸದ್ದಿಲ್ಲ. ಎಂಟೂವರೆಗೆ ಪುಟವೆಲ್ಲ ಕೆಂಪು ಗೀಟು ಹಾಕಿ ವಾಪಸ್ ಬರುತ್ತದೆ, 'ಇವತ್ತೇ ಮುಗಿಸಿ' ಅಂತ. ಯಾಕೆ ತಪ್ಪು ಅಂತ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಮುಂದಿನ ಡ್ರಾಫ್ಟಲ್ಲೂ ಅದೇ ತಪ್ಪು, ಮತ್ತೆ ಅದೇ ಬೈಗುಳ.

ಒಂದು ಭಾನುವಾರ ಬೆಳಗ್ಗೆ ನಮ್ಮ ಫರ್ಮ್ ಎಲ್ಲರಿಗೂ ಧ್ಯಾನದ ಆ್ಯಪ್ ಕೊಟ್ಟಿತು. ಅದೇ ಭಾನುವಾರ ಮಧ್ಯಾಹ್ನ ಫೈಲ್ ಬಂತು. ಆ್ಯಪ್ ತೆರೆಯಲು ಪುರುಸೊತ್ತೇ ಸಿಗಲಿಲ್ಲ.

ನಮಗೆ ಬೇಕಾದದ್ದು ಇಷ್ಟು. ಕೆಲಸ ಕೊಡುವವರು ಅದು ತಮಗೆ ಯಾವತ್ತು ಬಂತು, ಕಕ್ಷಿದಾರರಿಗೆ ನಿಜವಾಗಿ ಯಾವತ್ತು ಬೇಕು, ಈ ಎರಡು ತಾರೀಖನ್ನು ಬರೆದು ಕೊಡಲಿ. ಎರಡೂ ಕಣ್ಣಮುಂದೆ ಇದ್ದರೆ ಯಾರು ಎಷ್ಟು ದಿನ ಫೈಲನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು ಅಂತ ತಾನಾಗಿ ಗೊತ್ತಾಗುತ್ತದೆ. ಒಂದು ಫಾರ್ಮ್ ಸಾಕು, ದೊಡ್ಡ ಖರ್ಚೇನಿಲ್ಲ.

ಕೋರ್ಟ್ ಹಾಲ್ 4

ಮೂರನೇ ವರ್ಷ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಎಲ್ಲ ಕಡೆ ನಡೆಯಲ್ಲ. ನಾನು ಕ್ರಿಮಿನಲ್ ಮತ್ತು ಕುಟುಂಬದ ಕೇಸು ನಡೆಸುತ್ತೇನೆ. ರಾತ್ರಿ ಒಬ್ಬರನ್ನು ಬಂಧಿಸಿದರೆ ಬೆಳಗ್ಗೆ ಜಾಮೀನು ಅರ್ಜಿ ಸಿದ್ಧ ಇರಬೇಕು. ಮಗುವನ್ನು ದೂರ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ತಾಯಿ ಫೋನ್ ಮಾಡಿದರೆ ಎರಡು ತಾರೀಖಿನ ಫಾರ್ಮ್ ತುಂಬುತ್ತಾ ಕೂರಲು ಆಗಲ್ಲ. ಲಾಕಪ್‌ನಲ್ಲಿ ಕೂತವರೂ ಜನರೇ. ಕಕ್ಷಿದಾರರಿಗೂ ಕೋರ್ಟಿಗೂ ನಮ್ಮ ಮೇಲೆ ಇರುವ ಹಕ್ಕು ಫರ್ಮ್‌ನ ಯಾವ ಧ್ಯೇಯವಾಕ್ಯಕ್ಕಿಂತಲೂ ದೊಡ್ಡದು.

ಹಾಗಂತ ನಮ್ಮ ಕಡೆ ಏನೂ ಮಾಡಲಾಗದು ಅಂತಲ್ಲ. ತುರ್ತು ಕೆಲಸಕ್ಕೆ ಸರದಿ ಇಟ್ಟಿದ್ದೇವೆ. ಈ ವಾರ ಯಾರ ಫೋನ್ ರಾತ್ರಿ ಆನ್ ಇರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಉಳಿದವರು ನಿಶ್ಚಿಂತೆಯಿಂದ ಮಲಗಬಹುದು. ದೊಡ್ಡ ವಿಚಾರಣೆ ಮುಗಿದ ಮರುದಿನ ಆ ಟೀಮಿಗೆ ಬೇರೆ ವಾಯಿದೆ ಹಾಕಿಕೊಳ್ಳುವುದಿಲ್ಲ. ಪ್ರತಿ ಫೈಲೂ ಇಬ್ಬರಿಗೆ ಗೊತ್ತಿರುತ್ತದೆ, ಹಾಗಾಗಿ ಒಬ್ಬರಿಗೆ ಜ್ವರ ಬಂದರೆ ಕೇಸು ನಿಲ್ಲುವುದಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಕೇಸನ್ನು ಒಬ್ಬರಿಗೇ ಸಾಲಾಗಿ ಕೊಡುವುದನ್ನೂ ನಿಲ್ಲಿಸಿದೆವು. ಹೇಳಿಕೆ, ಫೋಟೋ ದಿನವೂ ನೋಡಿದವರಿಗೆ ಅದು ಮೈಗೆ ಅಂಟಿಕೊಳ್ಳುತ್ತದೆ. ಕಂಪನಿ ಕೆಲಸ ಮಾಡುವವರು ಇದನ್ನು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಮೂರನೇ ವರ್ಷ

ಸರ್, ನಾನು ಹೇಳಿದ್ದು ನಿಜವಾದ ತುರ್ತಿನ ಬಗ್ಗೆ ಅಲ್ಲ. ಪಾರ್ಟ್ನರ್ ಮೇಜಿನ ಮೇಲೆ ಹುಟ್ಟಿದ ತುರ್ತಿನ ಬಗ್ಗೆ. ಜಾಮೀನು ಅರ್ಜಿಗೆ ರಾತ್ರಿಯಿಡೀ ಕೂರಲು ನಾನೂ ರೆಡಿ.

ಫೀಸು ಕೊಡುವವಳು

ನಾನು ಒಂದು ಕಂಪನಿಯ ಕಾನೂನು ವಿಭಾಗದಲ್ಲಿದ್ದೇನೆ. ಅಂದರೆ ನೀವೆಲ್ಲ 'ಕಕ್ಷಿದಾರರಿಗೆ ಇವತ್ತೇ ಬೇಕಂತೆ' ಅಂತ ಹೆಸರು ಹೇಳಿ ಹೆದರಿಸುವ ಆ ಕಕ್ಷಿದಾರಳು ನಾನೇ. 😀

ಬುಧವಾರ ಫೈಲ್ ಕಳಿಸಿ 'ಮುಂದಿನ ವಾರ ಕೊಡಿ' ಅಂತ ಎಷ್ಟೋ ಸಲ ಬರೆದಿದ್ದೇನೆ. ಭಾನುವಾರ ರಾತ್ರಿ ಒಂದಕ್ಕೆ ಉತ್ತರ ಬಂದಿರುತ್ತದೆ. ನಾನು ಅದನ್ನು ತೆರೆಯುವುದು ಮಂಗಳವಾರ. ಯಾರೋ ಪಾಪ ನಿದ್ದೆಗೆಟ್ಟು ಮಾಡಿದ್ದಾರೆ, ಅದರಿಂದ ನನಗೆ ಚೂರೂ ಲಾಭವಿಲ್ಲ. ಇಂಗ್ಲೆಂಡಿನಲ್ಲಿ 2018ರಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಎರಡು ಲಾ ಫರ್ಮ್‌ಗಳ ಜೊತೆ ಸೇರಿ 'ಮೈಂಡ್‌ಫುಲ್ ಬಿಸಿನೆಸ್ ಚಾರ್ಟರ್' ಶುರು ಮಾಡಿದ್ದು ಇದೇ ಕಾರಣಕ್ಕೆ. ಕೆಲಸ ಕೊಡುವಾಗ ಗಡುವು ಸ್ಪಷ್ಟವಾಗಿ ಹೇಳುವುದು, ಬೇಡದ ಮೀಟಿಂಗ್‌ಗೆ ಹತ್ತು ಜನರನ್ನು ಕೂರಿಸದಿರುವುದು, ರಜೆ ಮತ್ತು ವಿಶ್ರಾಂತಿಯ ಹೊತ್ತಿಗೆ ಮರ್ಯಾದೆ ಕೊಡುವುದು, ಇಷ್ಟೇ ಅದರ ಸಾರ. ಕಕ್ಷಿದಾರರೂ ಸಹಿ ಹಾಕುತ್ತಾರೆ ಅನ್ನುವುದು ಮುಖ್ಯ. ಫರ್ಮ್ ಒಂದೇ ಕೈಯಲ್ಲಿ ಇದನ್ನು ಮಾಡಲಾಗದು.

ಇನ್ನೊಂದು. ಒಂದೇ ವರ್ಷದಲ್ಲಿ ನನ್ನ ಫೈಲ್‌ಗೆ ಮೂವರು ಅಸೋಸಿಯೇಟ್‌ಗಳು ಬದಲಾದ ಫರ್ಮ್ ಒಂದಿತ್ತು. ಪ್ರತಿಯೊಬ್ಬರಿಗೂ ನಮ್ಮ ವ್ಯಾಪಾರ ಮೊದಲಿಂದ ವಿವರಿಸಬೇಕು. ಅವರು ಕಲಿಯುವ ಗಂಟೆಗಳು ನನ್ನ ಬಿಲ್‌ನಲ್ಲಿ! ಆ ಕೆಲಸವನ್ನು ಬೇರೆ ಫರ್ಮ್‌ಗೆ ಕೊಟ್ಟೆವು. ಪಾರ್ಟ್ನರ್‌ಗೆ ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಹೊಸ ಕುರ್ಚಿ ಸರ್, ಆ 'ಮೂರನೇ ಒಂದು ಭಾಗ' ನಿಜವಾಗಿ ಯಾರದ್ದು ಅಂತ ನೋಡಿದ್ದೀರಾ? ದೊಡ್ಡ ಪಾರ್ಟ್ನರ್ ಮುಖ ನೋಡಿ ನಾವು ಬರುತ್ತೇವೆ, ನಿಜ. ಆದರೆ ಉಳಿಯುವುದು ಎರಡನೇ ಸಾಲಿನ ವಕೀಲರಿಂದ. ಫೋನ್ ಎತ್ತುವವರು, ಹಳೆಯ ಒಪ್ಪಂದದ ಏಳನೇ ಕಲಮು ಯಾಕೆ ಹಾಗಿದೆ ಅಂತ ನೆನಪಿಟ್ಟವರು ಅವರೇ. ಅವರು ಹೋದರೆ ನಾವೂ ಕಾಲ್ತೆಗೆಯುತ್ತೇವೆ.

ಅನುಭವಸ್ಥ

ಎಲ್ಲ ಸರಿ, ಆದರೆ ನಾವೆಲ್ಲ ಸೀನಿಯರ್ ಹತ್ತಿರ ಬೈಸಿಕೊಂಡೇ ಕಲಿತವರು. ಫೈಲ್ ಮುಖಕ್ಕೆ ಎಸೆದರೂ ಎತ್ತಿಕೊಂಡು ಸರಿ ಮಾಡಿ ತಂದೆವು. ಈಗಿನವರಿಗೆ ತುಸು ಗಟ್ಟಿ ಮಾತಾಡಿದರೂ ನೋವು. ಹೀಗಾದರೆ ಕೋರ್ಟಿನಲ್ಲಿ ನ್ಯಾಯಾಧೀಶರು ಗದರಿದಾಗ ಏನು ಮಾಡುತ್ತಾರೆ?

ಕಪ್ಪು ಕೋಟು

ಬೈಸಿಕೊಂಡು ಕಲಿತು ಉಳಿದವರು ಇಲ್ಲಿ ಬರೆಯುತ್ತಿದ್ದೀರಿ. ಬೈಸಿಕೊಂಡು ವೃತ್ತಿಯನ್ನೇ ಬಿಟ್ಟವರು ಇಲ್ಲಿ ಬಂದು ಬರೆಯುವುದಿಲ್ಲ. ಅವರಲ್ಲಿ ನಮಗಿಂತ ಒಳ್ಳೆಯ ವಕೀಲರು ಎಷ್ಟಿದ್ದರೋ.

ಲೆಕ್ಕದ ಪುಸ್ತಕ

ನಾನು ವಕೀಲ ಅಲ್ಲ. ಒಂದು ಫರ್ಮ್‌ನ ಹಣಕಾಸು ನೋಡಿಕೊಳ್ಳುತ್ತೇನೆ. ಸಭೆಯಲ್ಲಿ ಪಾರ್ಟ್ನರ್‌ಗಳು ಭಾವನೆಯ ಮಾತು ಕೇಳುವುದಿಲ್ಲ, ಲೆಕ್ಕ ಕೇಳುತ್ತಾರೆ. ಹಾಗಾಗಿ ಲೆಕ್ಕವನ್ನೇ ಹಿಡಿದು ಹೋಗಿ.

ಅವರು ಎಷ್ಟು ಬಿಲ್ ಮಾಡಿದರು ಅನ್ನುವುದು ಅರ್ಧ ಕಥೆ. ಅವರ ಫೈಲ್‌ಗಳಲ್ಲಿ ಬರೆದ ಗಂಟೆ ಎಷ್ಟು, ಬಿಲ್ ಕಳಿಸುವ ಮುಂಚೆ ಹೊಡೆದುಹಾಕಿದ್ದು ಎಷ್ಟು, ಕೊನೆಗೆ ಕೈಗೆ ಬಂದದ್ದು ಎಷ್ಟು, ಈ ಮೂರೂ ತೆಗೆಯಿರಿ. ಟೀಮ್ ಪದೇ ಪದೇ ಬದಲಾಗುವ ಕಡೆ ಹೊಡೆದುಹಾಕುವ ಗಂಟೆ ಜಾಸ್ತಿ ಇರುವುದನ್ನು ನಾನು ಕಂಡಿದ್ದೇನೆ. ಹೊಸಬರು ಓದಿಕೊಂಡ ಹೊತ್ತಿಗೆ ಕಕ್ಷಿದಾರರು ದುಡ್ಡು ಕೊಡಲ್ಲ.

ಅದರ ಮೇಲೆ ಒಬ್ಬರು ಬಿಟ್ಟು ಹೋದರೆ ಆಗುವ ಖರ್ಚು ಹಾಕಿ. ಹೊಸಬರನ್ನು ಹುಡುಕುವ ಖರ್ಚು, ಸಂದರ್ಶನಕ್ಕೆ ಪಾರ್ಟ್ನರ್‌ಗಳು ಕೊಟ್ಟ ಗಂಟೆ, ಕುರ್ಚಿ ಖಾಲಿ ಇದ್ದ ತಿಂಗಳುಗಳು, ಹೊಸಬರು ಪಳಗುವವರೆಗಿನ ಅರ್ಧ ಉತ್ಪನ್ನ. ಇದನ್ನೆಲ್ಲ ಆ ಪಾರ್ಟ್ನರ್ ಖಾತೆಗೇ ಬರೆಯಿರಿ. ಈಗ ಅದು ಫರ್ಮ್‌ನ ಸಾಮಾನ್ಯ ಖರ್ಚಿನಲ್ಲಿ ಕರಗಿಹೋಗುತ್ತಿದೆ. ಆದಾಯ ಅವರದ್ದು, ನಷ್ಟ ಎಲ್ಲರದ್ದು.

2,000 ಗಂಟೆಯ ಮಾತು ಬಂತಲ್ಲ, ಅದನ್ನೂ ಒಡೆದು ನೋಡಿ. ವರ್ಷಕ್ಕೆ 50 ವಾರ ಕೆಲಸ ಅಂದುಕೊಂಡರೆ ವಾರಕ್ಕೆ 40 ಬಿಲ್ ಗಂಟೆ. ಆಫೀಸಿನಲ್ಲಿರುವ ಹೊತ್ತಿನ ಮೂರನೇ ಒಂದು ಭಾಗ ಮೀಟಿಂಗ್, ಕಲಿಕೆ, ಕಾಯುವಿಕೆಗೆ ಹೋದರೆ 40 ಗಂಟೆ ಬಿಲ್ ಮಾಡಲು 60 ಗಂಟೆ ಕೂರಬೇಕು. ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಗಂಟೆ. ಗುರಿ ಬರೆಯುವಾಗ ಇದನ್ನು ಯಾರೂ ಪಕ್ಕದಲ್ಲಿ ಬರೆಯುವುದಿಲ್ಲ.

ಫೈಲಿಂಗ್ ಕೌಂಟರ್

ಇಷ್ಟು ಹೊತ್ತು ಓದಿದೆ. ಎಲ್ಲರೂ ಪಾರ್ಟ್ನರ್, ಅಸೋಸಿಯೇಟ್, ಕಕ್ಷಿದಾರರ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಗುಮಾಸ್ತ. ಟೈಪ್ ಮಾಡುವವರು, ಫೈಲಿಂಗ್‌ಗೆ ಓಡುವವರು, ಸ್ವಾಗತದಲ್ಲಿ ಕೂತು ಸಿಟ್ಟಾದ ಕಕ್ಷಿದಾರರ ಮಾತು ಮೊದಲು ಕೇಳುವವರು, ನಾವೂ ಆ 'ಜನ'ದಲ್ಲಿ ಇದ್ದೇವಾ?

ಸಂಜೆ ನಾಲ್ಕೂಮುಕ್ಕಾಲಿಗೆ ಅರ್ಜಿ ನಮ್ಮ ಕೈಗೆ ಬರುತ್ತದೆ. ಐದಕ್ಕೆ ಕೌಂಟರ್ ಮುಚ್ಚುತ್ತದೆ. ಪುಟ ಸಂಖ್ಯೆ ತಪ್ಪಾಗಿ ವಾಪಸ್ ಬಂದರೆ ತಪ್ಪು ನಮ್ಮದು. ವಕೀಲರಿಗೆ ಬೈಗುಳ ಬಿದ್ದರೆ ಕಲಿಕೆ ಅಂತಾದರೂ ಹೇಳುತ್ತೀರಿ. ನಮಗೆ ಅದೂ ಇಲ್ಲ.

ನಾನು ಹಿಂದೆ ಇದ್ದ ಕಡೆ ಒಬ್ಬ ಹುಡುಗನಿಗೆ ಡೈರಿಯಲ್ಲಿ ಲಿಮಿಟೇಷನ್ ತಾರೀಖು (ಕೋರ್ಟಿಗೆ ಹಾಕಲು ಕಾನೂನು ಕೊಟ್ಟ ಕೊನೆಯ ದಿನ) ತಪ್ಪು ಬಿದ್ದಿರುವುದು ಕಂಡಿತು. ಹೇಳಿದರೆ 'ಯಾರು ಬರೆದದ್ದು' ಅಂತ ಕೂಗಾಟ ಶುರುವಾಗುತ್ತದೆ ಅಂತ ಸುಮ್ಮನಾದ. ಇನ್ನೊಬ್ಬ ಗುಮಾಸ್ತರು ಅಕಸ್ಮಾತ್ ನೋಡಿದ್ದರಿಂದ ಮೇಲ್ಮನವಿ ಉಳಿಯಿತು. ಒಂದು ದಿನ ತಡವಾಗಿದ್ದರೆ ತಡವನ್ನು ಮನ್ನಿಸಿ ಅಂತ ಕೋರ್ಟಿನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಕೂಗಾಡುವ ಪಾರ್ಟ್ನರ್ ಟೇಬಲ್‌ಗೆ ತಪ್ಪುಗಳು ಬರುವುದೇ ಇಲ್ಲ. ಅದಕ್ಕೇ ಅವರಿಗೆ ತಮ್ಮ ಟೀಮ್ ತುಂಬಾ ಶಿಸ್ತು ಅನ್ನಿಸುತ್ತದೆ.

ಹಳೇ ಪಾರ್ಟ್ನರ್

ಫೈಲಿಂಗ್ ಕೌಂಟರ್ ಅವರ ಮಾತು ಬಹಳ ಮುಖ್ಯ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ಟೀಮುಗಳನ್ನು ನೋಡಿದಾಗ ಇದೇ ಕಂಡಿತು. ಚೆನ್ನಾಗಿ ನಡೆಯುವ ಟೀಮುಗಳಲ್ಲಿ ತಪ್ಪುಗಳ ಸಂಖ್ಯೆ ಜಾಸ್ತಿ ದಾಖಲಾಗಿತ್ತು. ಅಲ್ಲಿ ತಪ್ಪು ಜಾಸ್ತಿ ಆಗುತ್ತಿತ್ತು ಅಂತಲ್ಲ, ಹೇಳಲು ಭಯವಿರಲಿಲ್ಲ. ವಕೀಲಿಕೆಯಲ್ಲಿ ಮುಚ್ಚಿಟ್ಟ ತಪ್ಪು ಕಕ್ಷಿದಾರರ ಹಕ್ಕನ್ನೇ ಮುಳುಗಿಸಬಹುದು, ಫರ್ಮ್ ಮೇಲೆ ನಷ್ಟಪರಿಹಾರದ ಕೇಸು ಬೀಳಬಹುದು. ಪಾರ್ಟ್ನರ್‌ಗಳ ಸಭೆಯಲ್ಲಿ ಕರುಣೆಯ ವಾದ ಓಡದಿದ್ದರೆ ಈ ವಾದ ಓಡುತ್ತದೆ.

ನಾನು ಈಗ ನಿವೃತ್ತ. ಇಂಥ ಇಬ್ಬರನ್ನು ನಿಭಾಯಿಸಿದ್ದೇನೆ. ಒಬ್ಬರು ಬದಲಾದರು, ಒಬ್ಬರು ಹೋದರು.

ಮೊದಲನೆಯದು, ಒಬ್ಬರೇ ಹೋಗಿ ಮಾತಾಡಬೇಡಿ. ಮ್ಯಾನೇಜಿಂಗ್ ಪಾರ್ಟ್ನರ್ ಒಬ್ಬರೇ ಹೋದರೆ ಅದು ಇಬ್ಬರ ಜಗಳವಾಗುತ್ತದೆ. ಇನ್ನಿಬ್ಬರು ಹಿರಿಯ ಪಾರ್ಟ್ನರ್‌ಗಳನ್ನು ಕರೆದುಕೊಂಡು ಹೋಗಿ. 'ನಿಮ್ಮ ಸ್ವಭಾವ ಸರಿಯಿಲ್ಲ' ಅನ್ನಬೇಡಿ, ಸ್ವಭಾವದ ಬಗ್ಗೆ ಯಾರೂ ಒಪ್ಪುವುದಿಲ್ಲ. 'ಇಂಥ ದಿನ, ಇಂಥ ಮೀಟಿಂಗ್‌ನಲ್ಲಿ ಕಾಗದ ಎಸೆದಿರಿ. ಇನ್ನು ಮುಂದೆ ಆಗಬಾರದು' ಅನ್ನಿ. ಆಮೇಲೆ ಅದನ್ನೇ ಬರೆದು ಕೊಡಿ.

ಎರಡನೆಯದು ಪಾರ್ಟ್ನರ್‌ಶಿಪ್ ಡೀಡ್, ಅಂದರೆ ಪಾರ್ಟ್ನರ್‌ಗಳ ನಡುವಿನ ಒಪ್ಪಂದ ಪತ್ರ. ಹೆಚ್ಚಿನ ಡೀಡ್‌ಗಳಲ್ಲಿ ಹಣ ಮುಟ್ಟಿದರೆ ಹೊರಹಾಕುವ ಕಲಮು ಇರುತ್ತದೆ, ಜನರನ್ನು ಹಿಂಸಿಸಿದರೆ ಏನು ಅಂತ ಇರುವುದಿಲ್ಲ. ನಡತೆಗೂ ಲಾಭದ ಪಾಲಿಗೂ ಸಂಬಂಧ ಬರೆಯಿರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್‌ಗಳ (ಅಲ್ಲಿನ ಒಂದು ಬಗೆಯ ವಕೀಲರ) ನಿಯಂತ್ರಣ ಸಂಸ್ಥೆ 2023ರಲ್ಲಿ ತನ್ನ ನಿಯಮಾವಳಿಯಲ್ಲೇ ಇದನ್ನು ಸೇರಿಸಿತು: ಸಹೋದ್ಯೋಗಿಗಳನ್ನು ಗೌರವದಿಂದ ನಡೆಸಿಕೊಳ್ಳಬೇಕು, ಬೆದರಿಸಿ ಕಿರುಕುಳ ಕೊಡಬಾರದು. ಅಲ್ಲಿ ಅದೀಗ ಒಳ್ಳೆಯತನದ ಪ್ರಶ್ನೆಯಲ್ಲ, ವೃತ್ತಿ ಶಿಸ್ತಿನ ಪ್ರಶ್ನೆ.

ಇನ್ನು ಆದಾಯದ ಭಯ. ಅವರ ದೊಡ್ಡ ಕಕ್ಷಿದಾರರಿಗೆ ಇನ್ನೊಬ್ಬ ಪಾರ್ಟ್ನರ್ ಪರಿಚಯವಾಗಲಿ. ಕದ್ದು ಮುಚ್ಚಿ ಬೇಡ, ಅವರಿಗೆ ತಿಳಿಸಿಯೇ ಮಾಡಿ. ಒಬ್ಬರಿಗೆ ನಾಳೆ ಹೃದಯಾಘಾತವಾದರೂ ಫರ್ಮ್ ನಡೆಯಬೇಕಲ್ಲ. ದೊಡ್ಡ ಹೆಸರುಗಳನ್ನು ಹೇಗಾದರೂ ಹಿಡಿದಿಟ್ಟುಕೊಳ್ಳುತ್ತೇವೆ ಅಂತ ಹೊರಟ ಡ್ಯೂಯಿ ಅಂಡ್ ಲೆಬಾಫ್ 2012ರಲ್ಲಿ ದಿವಾಳಿಯಾಯಿತು. ಅಮೆರಿಕದ ಅತಿ ದೊಡ್ಡ ಲಾ ಫರ್ಮ್ ದಿವಾಳಿ ಅದು. ಹಲವು ಪಾರ್ಟ್ನರ್‌ಗಳಿಗೆ ಇಷ್ಟು ಕೊಟ್ಟೇ ಕೊಡುತ್ತೇವೆ ಅಂತ ಮೊದಲೇ ಮಾತು ಕೊಟ್ಟಿದ್ದರು. ಸಾಲವೂ ಇತ್ತು. ದುಡ್ಡು ಸಾಲದೆ ಬಂದಾಗ ಆ ದೊಡ್ಡ ಹೆಸರುಗಳೇ ಮೊದಲು ಎದ್ದು ಹೊರಟವು.

ಕೊನೆಗೆ, ಆ ಮನುಷ್ಯನನ್ನೂ ಒಮ್ಮೆ ಕೇಳಿ. ನಿದ್ದೆ ಬರುತ್ತಿದೆಯಾ, ಮನೆಯಲ್ಲಿ ಎಲ್ಲ ಸರಿಯಿದೆಯಾ ಅಂತ. 2016ರಲ್ಲಿ ಅಮೆರಿಕದ ಸುಮಾರು 12,800 ವಕೀಲರ ಅಧ್ಯಯನ ಪ್ರಕಟವಾಯಿತು. 28% ಮಂದಿಯಲ್ಲಿ ಖಿನ್ನತೆಯ ಲಕ್ಷಣ, 20% ದಾಟಿ ಅಪಾಯದ ಮಟ್ಟದ ಕುಡಿತ. ಅದರಲ್ಲಿ ಪಾರ್ಟ್ನರ್‌ಗಳೂ ಇದ್ದರು.

ಕಪ್ಪು ಕೋಟು

ಹಳೇ ಪಾರ್ಟ್ನರ್ ಸರ್, ಕೊನೆಯ ಮಾತಿಗೆ ನನ್ನ ತಕರಾರು. ಅವರ ಕಷ್ಟ ಕೇಳುವುದು ಒಳ್ಳೆಯದೇ. ಆದರೆ ಪ್ರತಿ ಸಲ ಆಗುವುದೇನು? ದೊಡ್ಡವರ ಕಷ್ಟ ವಿಚಾರಿಸಲು ಸಭೆ ಸೇರುತ್ತದೆ, ಚಿಕ್ಕವರಿಗೆ ಆ್ಯಪ್ ಸಿಗುತ್ತದೆ. ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್ 2019ರಲ್ಲಿ 135 ದೇಶಗಳ ಸುಮಾರು 7,000 ಮಂದಿಯ ಸಮೀಕ್ಷೆ ಪ್ರಕಟಿಸಿತು. ಮಹಿಳೆಯರಲ್ಲಿ ಇಬ್ಬರಿಗೊಬ್ಬರು, ಗಂಡಸರಲ್ಲಿ ಮೂವರಿಗೊಬ್ಬರು ಕೆಲಸದಲ್ಲಿ ದಬ್ಬಾಳಿಕೆ ಅನುಭವಿಸಿದ್ದರು. ಅಂಥ ಪ್ರಸಂಗಗಳಲ್ಲಿ 57% ದೂರಾಗಲೇ ಇಲ್ಲ. ಲೈಂಗಿಕ ಕಿರುಕುಳದಲ್ಲಿ 75%. ಕುಡಿತಕ್ಕೆ ಚಿಕಿತ್ಸೆ ಕೊಡಿಸಿ, ಆದರೆ ಅದೇ ಹೊತ್ತಿಗೆ ದೂರು ಕೊಡುವವರಿಗೆ ಒಂದು ದಾರಿ ಇರಬೇಕು. ಆ ದಾರಿ ಕೂಗಾಡುವವರ ಕ್ಯಾಬಿನ್ ಮುಂದೆಯೇ ಹಾದುಹೋಗಬಾರದು.

ಹಳೇ ಪಾರ್ಟ್ನರ್

ಒಪ್ಪಿದೆ. ಎರಡೂ ಒಟ್ಟಿಗೆ ನಡೆಯಬೇಕು. ಸಣ್ಣ ಫರ್ಮ್‌ಗಳಲ್ಲಿ ಹೊರಗಿನ ಒಬ್ಬ ನಿವೃತ್ತ ವಕೀಲರಿಗೆ ದೂರು ಕೇಳುವ ಕೆಲಸ ಕೊಡಬಹುದು. ಲಾಭದಲ್ಲಿ ಪಾಲಿಲ್ಲದವರಾಗಿರಬೇಕು.

ಹೊಸ ಕುರ್ಚಿ

ಎಲ್ಲರಿಗೂ ಧನ್ಯವಾದ. ತಡವಾಗಿ ಬಂದೆ, ಯಾಕೆಂದರೆ ಲೆಕ್ಕದ ಪುಸ್ತಕ ಅವರು ಹೇಳಿದ ಮೂರೂ ಲೆಕ್ಕ ತೆಗೆಸುತ್ತಿದ್ದೆ.

ಮೂರನೇ ಒಂದು ಭಾಗ ಅಂತ ನಾವೆಲ್ಲ ನಂಬಿದ್ದು ಬಿಲ್‌ನ ಲೆಕ್ಕ. ಕೈಗೆ ಬಂದ ಹಣ ನೋಡಿದರೆ ಅದಕ್ಕಿಂತ ಸಾಕಷ್ಟು ಕಡಿಮೆ. ಅದರಲ್ಲೂ ದೊಡ್ಡ ತುಂಡು ಎರಡು ಹಳೆಯ ಕಕ್ಷಿದಾರರದ್ದು. ಅವರ ದಿನನಿತ್ಯದ ಕೆಲಸ ಮಾಡುತ್ತಿರುವುದು ಇನ್ನೊಬ್ಬ ಪಾರ್ಟ್ನರ್. ಮೊದಲು ಕರೆತಂದವರು ಅನ್ನುವ ಕಾರಣಕ್ಕೆ ಪಾಲು ಇನ್ನೂ ಇವರಿಗೇ ಹೋಗುತ್ತಿದೆ.

ಪಾರ್ಟ್ನರ್‌ಗಳ ಸಭೆ ಆಯಿತು. ಎರಡು ತಾರೀಖಿನ ಫಾರ್ಮ್‌ಗೆ ಯಾರೂ ಬೇಡ ಅನ್ನಲಿಲ್ಲ, ಈ ವಾರದಿಂದಲೇ ಶುರು. ಗುಮಾಸ್ತರ ಕೈಗೆ ಫೈಲಿಂಗ್ ಹಿಂದಿನ ದಿನವೇ ತಲುಪಬೇಕು ಅನ್ನುವುದೂ ಪಾಸಾಯಿತು, ಕೋರ್ಟ್ ಟೀಮಿನ ತುರ್ತು ಬಿಟ್ಟು. ಹೊರಗಿನವರು ದೂರು ಕೇಳುವುದಕ್ಕೆ ಒಪ್ಪಿದರು. ಲಾಭದ ಸೂತ್ರ ಮಾತ್ರ ಮುಂದಕ್ಕೆ ಹೋಯಿತು. ಕರೆತಂದವರ ಪಾಲು ಕೆಲವು ವರ್ಷ ಆದಮೇಲೆ ಇಳಿಯುತ್ತಾ ಹೋಗಲಿ, ಆ ಹಣ ಜೂನಿಯರ್‌ಗಳನ್ನು ಬೆಳೆಸುವವರಿಗೆ ಹೋಗಲಿ ಅಂತ ಸೂಚಿಸಿದೆ. ಇಬ್ಬರು ವಿರೋಧಿಸಿದರು. ಅದರಲ್ಲಿ ಒಬ್ಬರು ಜೂನಿಯರ್‌ಗಳನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುವವರು! ಅವರ ಪಾಲೂ ಇಳಿಯುತ್ತದೆ. ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಮುಂದಿನ ಸಭೆಗೆ ಮತ್ತೆ ತರುತ್ತೇನೆ.

ಆ ಪಾರ್ಟ್ನರ್ ಸಿಟ್ಟಾದರು. ಆದರೆ ಒಂದು ಪ್ರಶ್ನೆ ಕೇಳಿದರು, ಅದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ: "ನಾನು ಗಟ್ಟಿಯಾಗಿ ಹೇಳದಿದ್ದರೆ ಕೆಲಸದ ಮಟ್ಟ ಯಾರು ಕಾಯುತ್ತಾರೆ? ಕೆಟ್ಟ ಡ್ರಾಫ್ಟ್ ನೋಡಿ ನಗಬೇಕಾ?"

ಮೂರನೇ ವರ್ಷ

ನಗಬೇಡಿ ಸರ್! ತಿದ್ದಿ. ನಾವು ಬೇಡುತ್ತಿರುವುದೇ ಅದನ್ನು. 'ಈ ಕಲಮು ಸಾಲದು, ಯಾಕೆಂದರೆ ಎದುರು ಪಕ್ಷ ಹಣ ಕೊಡದೆ ಕಂಪನಿ ಮುಚ್ಚಿದರೆ ನಮ್ಮವರಿಗೆ ಉಳಿಯುವ ದಾರಿ ಇಲ್ಲ' ಅಂತ ಎರಡು ನಿಮಿಷ ಹೇಳಿದರೆ ಅದು ಜನ್ಮಪೂರ್ತಿ ಮರೆಯಲ್ಲ. ಎಲ್ಲರೆದುರು ಕಿರುಚಿದಾಗ ನೆನಪಿರುವುದು ಕಿರುಚಾಟ ಮಾತ್ರ, ಕಲಮು ಅಲ್ಲ.

ಹಳೇ ಪಾರ್ಟ್ನರ್

ಆ ಪ್ರಶ್ನೆ ನ್ಯಾಯವಾದದ್ದು. ಮೆತ್ತಗೆ ನಡೆಸುವ ಫರ್ಮ್‌ಗಳಲ್ಲಿ ಇನ್ನೊಂದು ರೋಗ ನೋಡಿದ್ದೇನೆ. ಯಾರಿಗೂ ನೋವಾಗಬಾರದು ಅಂತ ಯಾರಿಗೂ ನಿಜ ಹೇಳುವುದಿಲ್ಲ. ಪಾರ್ಟ್ನರ್ ಆಗುವ ಯೋಗ್ಯತೆ ಇಲ್ಲ ಅಂತ ಎಲ್ಲರಿಗೂ ಗೊತ್ತಿರುವ ಅಸೋಸಿಯೇಟ್‌ಗೆ ವರ್ಷಗಟ್ಟಲೆ 'ಮುಂದಿನ ವರ್ಷ ನೋಡೋಣ' ಅನ್ನುತ್ತಾರೆ. ಅವರಿಗೆ ನಲವತ್ತು ದಾಟುತ್ತದೆ, ಬೇರೆ ಕಡೆ ಹೋಗುವ ವಯಸ್ಸು ಮೀರುತ್ತದೆ. ನನ್ನ ಲೆಕ್ಕದಲ್ಲಿ ಇದು ಕೂಗಾಟಕ್ಕಿಂತ ದೊಡ್ಡ ಅನ್ಯಾಯ. ನಾಲ್ಕನೇ ವರ್ಷದ ಹೊತ್ತಿಗೆ ಬಾಗಿಲು ಮುಚ್ಚಿ, ಎದುರು ಕೂರಿಸಿ, ಇಲ್ಲಿ ನಿಮಗೆ ದಾರಿ ಇದೆಯಾ ಇಲ್ಲವಾ ಅಂತ ಹೇಳಿಬಿಡಬೇಕು. ಇಲ್ಲ ಅಂದರೆ ಬೇರೆ ಕಡೆ ಸೇರಲು ಕೈಲಾದ ಸಹಾಯ ಮಾಡಬೇಕು. ನಾವು ಹಾಗೆ ಕಳಿಸಿದ ಇಬ್ಬರು ಆಮೇಲೆ ಕಂಪನಿಗಳ ಕಾನೂನು ವಿಭಾಗ ಸೇರಿ ನಮಗೇ ಕೆಲಸ ಕೊಟ್ಟರು.

ಅನುಭವಸ್ಥ

ಇದನ್ನು ನಾನೂ ಒಪ್ಪುತ್ತೇನೆ. ನನ್ನ ಸೀನಿಯರ್ ಬೈಯುತ್ತಿದ್ದರು, ಆದರೆ ಯಾಕೆ ಅಂತಲೂ ಹೇಳುತ್ತಿದ್ದರು. ಮೇಲೆ ಬರೆಯುವಾಗ ಅದು ಬಿಟ್ಟುಹೋಯಿತು.

ಹೊಸ ಕುರ್ಚಿ

ಇನ್ನೊಂದೇ ಪ್ರಶ್ನೆ. ಸದ್ಯ ಅವರ ಟೀಮಿನಲ್ಲಿ ಇಬ್ಬರು ಜೂನಿಯರ್‌ಗಳಿದ್ದಾರೆ. ಸೂತ್ರ ಬದಲಾಗುವವರೆಗೆ ಅವರನ್ನು ಬೇರೆ ಪಾರ್ಟ್ನರ್ ಕೈಕೆಳಗೆ ಹಾಕಿಬಿಡಲೇ?

ಮೂರನೇ ವರ್ಷ

ಅವರನ್ನು ಕೇಳದೆ ಹಾಕಬೇಡಿ. ನನ್ನ ಗೆಳತಿಗೆ ಹೀಗೇ ಆಯಿತು. ಅವಳ ಒಳ್ಳೆಯದಕ್ಕೇ ಅಂತ ಬೇರೆ ಟೀಮಿಗೆ ಕಳಿಸಿದರು. ಎರಡು ವರ್ಷ ದುಡಿದ ದೊಡ್ಡ ಫೈಲ್ ಕೈತಪ್ಪಿತು, ಆಫೀಸಿನಲ್ಲಿ 'ತಡೆದುಕೊಳ್ಳಲಾಗದವಳು' ಅಂತ ಹೆಸರು ಬೇರೆ. ಇಬ್ಬರಲ್ಲಿ ಒಬ್ಬರಿಗೆ ಅಲ್ಲೇ ಇದ್ದು ಆ ಕೆಲಸ ಕಲಿಯುವ ಆಸೆ ಇರಬಹುದು. ಬೇರೆ ಬೇರೆಯಾಗಿ ಕೇಳಿ. ಹೋಗುತ್ತೇನೆ ಅಂದವರಿಗೆ ಅವರ ಫೈಲೂ ಜೊತೆಗೆ ಹೋಗಲಿ.

ಫೀಸು ಕೊಡುವವಳು

ಫೈಲ್ ಜೊತೆಗೆ ಹೋಗುವುದಾದರೆ ಕಕ್ಷಿದಾರರಿಗೆ ನೀವೇ ಒಂದು ಫೋನ್ ಮಾಡಿ ತಿಳಿಸಿ ಸರ್, ಮೇಲ್‌ನಲ್ಲಿ ಬೇಡ. ನಮ್ಮಲ್ಲಿ ಹೆಚ್ಚಿನವರು ಬೇಡ ಅನ್ನುವುದಿಲ್ಲ.